ಎಣಿಕೆಗೆ ಬಾರದವರ ದಾರಿ

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಾಹಿತ್ಯ, ಸಂಗೀತ, ಯಕ್ಷಗಾನಗಳ ಚರ್ಚೆಗೆ ಒಗ್ಗಿದ ಈ ವೇದಿಕೆಯಲ್ಲಿ ಹಳ್ಳಿ ರಸ್ತೆಗಳ ವಾಹನ ಗಣತಿಯ ಬಗ್ಗೆ ಮಾತನಾಡಲು ಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ನೆಲೆಸಿರುವ ನಮ್ಮಲ್ಲಿ ಬಹುಪಾಲು ಜನ ಒಂದಲ್ಲ ಒಂದು ಅಭಿವೃದ್ಧಿ ಯೋಜನೆಯ ಬೆನ್ನು ಹಿಡಿದು ಬಂದವರು. ಬಂದರು, ಬ್ಯಾಂಕು, ಹೋಟೆಲು, ಈಚಿನ ತಲೆಮಾರಿಗೆ ಇನ್ಫೋಪಾರ್ಕ್ ಮತ್ತು ಟೆಕ್ನೋಪಾರ್ಕ್ ನಮ್ಮನ್ನು ಇಲ್ಲಿಗೆ ಕರೆತಂದವು. ಹೊಸದೊಂದು ಯೋಜನೆ ಬಂದಾಗ ಅದರ ಪಕ್ಕದ ಹಳ್ಳಿಯ ರಸ್ತೆಗೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮನ್ನೂ ಕುರಿತದ್ದು. ಆ ರಸ್ತೆಯ ಮೇಲೆ ಬೀಳುವ ಭಾರದಲ್ಲಿ ನಮ್ಮ ಪಾಲೂ ಇದೆ. ರಸ್ತೆ ಸಮೀಕ್ಷೆಯ ಕೆಲಸದಲ್ಲಿ ವೃತ್ತಿಜೀವನದ ಬಹುಭಾಗವನ್ನು ಕಳೆದವನಾದ್ದರಿಂದ, ಈ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂಬುದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಯೋಜನೆಯೊಂದು ಪ್ರಸ್ತಾಪವಾದಾಗ ಸುತ್ತಲಿನ ರಸ್ತೆಗಳಲ್ಲಿ ಈಗ ಎಷ್ಟು ವಾಹನಗಳು ಓಡುತ್ತಿವೆ, ಯೋಜನೆಯಿಂದ ಎಷ್ಟು ಹೆಚ್ಚಾಗುತ್ತವೆ, ರಸ್ತೆ ಅದನ್ನು ತಾಳಬಲ್ಲುದೆ ಎಂದು ಪರಿಶೀಲಿಸುವುದು ಪರಿಸರ ಪರಿಣಾಮ ಅಧ್ಯಯನದ ಒಂದು ಅಂಗ. ಎಣಿಕೆಯ ವಿಧಾನವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಿಗದಿಪಡಿಸಿದೆ. ನಗರದ ಹೊರಗಿನ ರಸ್ತೆಗಳ ಗಣತಿಯ ಬಗ್ಗೆ 1972ರಲ್ಲಿ ಅದು ಹೊರಡಿಸಿದ ಮಾರ್ಗಸೂಚಿ ಹೇಳುವುದು ಇಷ್ಟು: ವರ್ಷಕ್ಕೆ ಕನಿಷ್ಠ ಎರಡು ಬಾರಿ ಎಣಿಸಬೇಕು, ಒಂದು ಸುಗ್ಗಿ ಮತ್ತು ಮಾರಾಟದ ಕಾಲದಲ್ಲಿ, ಇನ್ನೊಂದು ಬಿಡುವಿನ ಕಾಲದಲ್ಲಿ, ಪ್ರತಿ ಸಲವೂ ಸತತ 7 ದಿನ, ದಿನಕ್ಕೆ 24 ಗಂಟೆ. ರೈತನ ಕಾಲಮಾನವನ್ನು ಅರಿತವರು ಬರೆದ ನಿಯಮವಿದು. ವರದಿಗಳ ಅವಸರದಲ್ಲಿ ಒಂದೆರಡು ದಿನದ ಎಣಿಕೆಯೇ ಇಡೀ ವರ್ಷದ ಸತ್ಯವಾಗಿಬಿಡುವುದನ್ನು ಈ ವೃತ್ತಿಯಲ್ಲಿರುವವರೆಲ್ಲ ಬಲ್ಲರು.

ಎಣಿಸಿದ ವಾಹನಗಳನ್ನು ಹಾಗೆಯೇ ಕೂಡಿಸಲಾಗದು. ಸೈಕಲ್ಲೂ ಲಾರಿಯೂ ಒಂದೇ ಅಲ್ಲವಾದ್ದರಿಂದ ಎಲ್ಲವನ್ನೂ ಕಾರಿನ ಅಳತೆಗೆ ಇಳಿಸುತ್ತಾರೆ. ಗ್ರಾಮೀಣ ರಸ್ತೆಗಳ ಸಾಮರ್ಥ್ಯದ ಕುರಿತು 1990ರಲ್ಲಿ ಹೊರಬಂದ ಕೋಷ್ಟಕದಂತೆ ಕಾರು ಅಥವಾ ಆಟೋರಿಕ್ಷಾ 1, ಸ್ಕೂಟರು ಅರ್ಧ, ಸೈಕಲ್ಲೂ ಅರ್ಧ, ಲಾರಿ ಅಥವಾ ಬಸ್ಸು 3, ಟ್ರೈಲರ್ ಎಳೆಯುವ ಲಾರಿ ನಾಲ್ಕೂವರೆ, ಕೈಗಾಡಿ 3, ಎತ್ತಿನ ಗಾಡಿ 8. ಎತ್ತಿನ ಗಾಡಿಗೆ ಇಷ್ಟು ದೊಡ್ಡ ಮರ್ಯಾದೆ ಸಂದಿರುವುದು ಅದರ ಮೇಲಿನ ಪ್ರೀತಿಯಿಂದಲ್ಲ. ಅದು ನಿಧಾನವಾಗಿ ಚಲಿಸಿ ಹಿಂದಿನವರನ್ನು ತಡೆಯುತ್ತದೆ ಎಂಬ ಕಾರಣದಿಂದ. ಕೋಷ್ಟಕದ ಕಣ್ಣಿಗೆ ರಸ್ತೆಯೆಂದರೆ ವೇಗ ಹರಿಯುವ ಕಾಲುವೆ. ಆದುದರಿಂದಲೇ ಅದರಲ್ಲಿ ನಡೆದು ಹೋಗುವ ಮನುಷ್ಯನಿಗೆ ಅಂಕೆಯಿಲ್ಲ. ಪಾದಚಾರಿಗಳ ಸೌಕರ್ಯದ ಬಗ್ಗೆ ಬೇರೆಯೇ ಒಂದು ಮಾರ್ಗಸೂಚಿ ಇದೆ, ನಿಜ. ಆದರೆ ರಸ್ತೆ ಯೋಜನೆಯನ್ನು ತಾಳಬಲ್ಲುದೆ ಎಂಬ ತೀರ್ಪು ಹೊರಡುವ ಆ ಮೊತ್ತದಲ್ಲಿ, ಶಾಲೆಗೆ ಹೋಗುವ ಮಗು, ಪಡಿತರದ ಚೀಲ ಹೊತ್ತ ಹೆಂಗಸು, ಮೀನಿನ ಬುಟ್ಟಿ ಹೊತ್ತವರು ಇವರೆಲ್ಲರ ಮೌಲ್ಯ ಸೊನ್ನೆ.

ಕೇರಳದ ಸಂದರ್ಭದಲ್ಲಿ ಈ ಸೊನ್ನೆ ಬಹಳ ದೊಡ್ಡದು. ಬಯಲುಸೀಮೆಯಲ್ಲಿ ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ನಡುವಿನ ರಸ್ತೆಯಲ್ಲಿ ಮನೆಗಳು ಕಡಿಮೆ. ಇಲ್ಲಿ, ನಮ್ಮ ದಕ್ಷಿಣ ಕನ್ನಡದಂತೆಯೇ, ಒಂದೊಂದು ಹಿತ್ತಲಿಗೆ ಒಂದೊಂದು ಮನೆ. ಒಂದು ಗ್ರಾಮ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂದು ಗೊತ್ತಾಗುವುದಿಲ್ಲ. ಎರಡೂ ಬದಿಗೆ ಮುರಕಲ್ಲಿನ ಗೋಡೆ, ನಡುವೆ ಮೂರು ಮೂರೂವರೆ ಮೀಟರ್ ಡಾಂಬರು, ಮನೆಯ ಗೇಟು ತೆರೆದರೆ ಕಾಲಿಡುವುದು ರಸ್ತೆಯ ಮೇಲೆಯೇ. ಮಲಯಾಳಿಗಳು ಇಡವಳಿ ಎನ್ನುವ ನಮ್ಮ ಓಣಿಗಳೇ ಈ ಪಂಚಾಯತಿ ರಸ್ತೆಗಳ ಮೂಲ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ಕಾಲದಲ್ಲಿ ಸ್ಥಳೀಯ ಸಂಸ್ಥೆಗಳ ಕೈಗೆ ಹಣ ಬಂದಾಗ ಇಂಥ ಎಷ್ಟೋ ಓಣಿಗಳು ರಸ್ತೆಗಳಾದವು. ಆಗಲೂ, ಅದಕ್ಕೂ ಹಿಂದೆಯೂ, ಪರಿಹಾರ ಕೇಳದೆ ತಮ್ಮ ಹಿತ್ತಲಿನ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟವರು ಅಲ್ಲಿನ ನಿವಾಸಿಗಳು. ಮನೆಯ ಮುಂದೆ ಆಂಬುಲೆನ್ಸ್ ಬರಲಿ, ಮಕ್ಕಳಿಗೆ ಬಸ್ಸು ಸಿಗಲಿ ಎಂದು ಕೊಟ್ಟ ನೆಲವದು. ಯೋಜನೆಯ ವರದಿಯಲ್ಲಿ ಅದೇ ನೆಲ 'ಲಭ್ಯವಿರುವ ರಸ್ತೆ' ಎಂಬ ಎರಡು ಪದಗಳಾಗಿ ಕಾಣಿಸಿಕೊಳ್ಳುತ್ತದೆ.

ವಿಳಿಂಜಂ ಬಂದರಿನ ಉದಾಹರಣೆಯನ್ನು ನೋಡೋಣ. ತಿರುವನಂತಪುರದ ದಕ್ಷಿಣಕ್ಕಿರುವ ಈ ಬಂದರಿಗೆ 2014ರ ಜನವರಿಯಲ್ಲಿ ಪರಿಸರ ಅನುಮತಿ ದೊರೆಯಿತು. 2015ರ ಆಗಸ್ಟ್‌ನಲ್ಲಿ ಒಪ್ಪಂದವಾಗಿ ಅದೇ ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು. 2024ರ ಜುಲೈಯಲ್ಲಿ ಮೊದಲ ದೊಡ್ಡ ಹಡಗು ಬಂತು, ಡಿಸೆಂಬರ್‌ನಲ್ಲಿ ವಾಣಿಜ್ಯ ವ್ಯವಹಾರ ಆರಂಭವಾಯಿತು, 2025ರ ಮೇ 2ರಂದು ಪ್ರಧಾನಿಯವರು ಬಂದರನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಇದು ಮುಖ್ಯವಾಗಿ ಹಡಗಿನಿಂದ ಹಡಗಿಗೆ ಕಂಟೇನರ್ ಬದಲಾಯಿಸುವ ಬಂದರು. ಅಂದರೆ ಸರಕಿನ ಬಹುಭಾಗ ರಸ್ತೆಗೆ ಇಳಿಯುವುದೇ ಇಲ್ಲ. ಇಳಿಯುವ ಭಾಗಕ್ಕೂ ರಾಷ್ಟ್ರೀಯ ಹೆದ್ದಾರಿ 66ರ ಬೈಪಾಸಿಗೆ ಕಿರುದಾರಿಯೊಂದನ್ನೂ, ಬಾಲರಾಮಪುರದವರೆಗೆ 10.7 ಕಿಲೋಮೀಟರಿನ, ಬಹುಪಾಲು ಸುರಂಗದಲ್ಲೇ ಸಾಗುವ ರೈಲು ಮಾರ್ಗವನ್ನೂ ಯೋಜಿಸಲಾಯಿತು. ಕಾಗದದ ಮೇಲೆ ಹಳ್ಳಿ ರಸ್ತೆಗಳಿಗೆ ಇದಕ್ಕಿಂತ ಕರುಣೆ ತೋರಿದ ಬಂದರನ್ನು ಕಾಣುವುದು ಕಷ್ಟ.

ಆದರೆ ಬಂದರಿಗೆ ಮೊದಲು ಅಲೆ ತಡೆಯುವ ಗೋಡೆ ಬೇಕು. ಸುಮಾರು 3 ಕಿಲೋಮೀಟರ್ ಉದ್ದದ ಆ ಗೋಡೆಗೆ ಲಕ್ಷಾಂತರ ಟನ್ ಕರಿಗಲ್ಲು ಬೇಕಾಯಿತು. 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತ ಕಟ್ಟಿದ ಭಾಗವನ್ನೂ ಕೆಡವಿತು. ಕಲ್ಲು ಸಿಗದೆ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ತಿರುವನಂತಪುರ, ಕೊಲ್ಲಂ, ಪತ್ತನಂತಿಟ್ಟ ಜಿಲ್ಲೆಗಳ ಕ್ವಾರಿಗಳಿಂದಲೂ ಗಡಿಯಾಚೆಯ ಕನ್ಯಾಕುಮಾರಿ ಜಿಲ್ಲೆಯಿಂದಲೂ ಟಿಪ್ಪರುಗಳು ಹಗಲಿರುಳು ಓಡಿದವು. ಬಂದರು ತೆರೆದ ಮೇಲೆ ಬರುವ ಲಾರಿಗಳಿಗಿಂತ ಬಂದರನ್ನು ಕಟ್ಟಲು ಬಂದ ಲಾರಿಗಳೇ ಹಳ್ಳಿಗಳಿಗೆ ಭಾರವಾದವು. ಪರಿಸರ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಯೋಜನಾ ಸ್ಥಳದ ಸುತ್ತಲಿನ 10 ಕಿಲೋಮೀಟರ್ ವ್ಯಾಪ್ತಿಯನ್ನು ಪರಿಗಣಿಸುವುದು ರೂಢಿ. ಕಲ್ಲು ಬರುವ ದಾರಿ ಅದರಾಚೆಗೂ ಚಾಚಿರುತ್ತದೆ. ಕ್ವಾರಿಗಳಿಗೆ ಬೇರೆಯೇ ಅನುಮತಿ ಇದೆಯಲ್ಲ ಎನ್ನಬಹುದು. 2012ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಕ್ ಕುಮಾರ್ ಪ್ರಕರಣದಲ್ಲಿ ನೀಡಿದ ಆದೇಶದ ನಂತರ 5 ಹೆಕ್ಟೇರಿಗಿಂತ ಸಣ್ಣ ಕ್ವಾರಿಗಳಿಗೂ ಪರಿಸರ ಅನುಮತಿ ಅಗತ್ಯವಾಯಿತು. ಆದರೆ ಪ್ರತಿಯೊಂದು ಕ್ವಾರಿಯೂ ತನ್ನ ಲಾರಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಬಂದರು ತನ್ನ ಬಾಗಿಲಿನ ಲಾರಿಗಳನ್ನು ಮಾತ್ರ ಹಿಡಿಯುತ್ತದೆ. ಎಲ್ಲರ ಲಾರಿಗಳನ್ನೂ ಒಟ್ಟಾಗಿ ಹೊರುವ ರಸ್ತೆಯ ಲೆಕ್ಕ ಯಾರ ಕಡತದಲ್ಲೂ ಇರುವುದಿಲ್ಲ.

ಸರಳವಾದ ಒಂದು ಲೆಕ್ಕವನ್ನು ಒಟ್ಟಿಗೇ ಮಾಡೋಣ. ಇದು ಯಾವ ಒಂದು ರಸ್ತೆಯದೂ ಅಲ್ಲ, ತಿಳಿವಳಿಕೆಗಾಗಿ ಹಿಡಿದ ಮಾದರಿ. 10 ಲಕ್ಷ ಟನ್ ಕಲ್ಲನ್ನು ಲಾರಿಗೆ 10 ಟನ್ನಿನಂತೆ ಸಾಗಿಸಿದರೆ 1 ಲಕ್ಷ ಲೋಡುಗಳು. ದಿನಕ್ಕೆ 200 ಲೋಡು ಎಂದರೆ 500 ದಿನಗಳ ಕೆಲಸ. ಹೋಗುವುದೂ ಬರುವುದೂ ಸೇರಿ ದಿನಕ್ಕೆ 400 ಓಡಾಟ; ಲಾರಿಗೆ 3ರಂತೆ 1200 ಕಾರುಗಳಿಗೆ ಸಮ. ಏಕಪಥದ ಗ್ರಾಮೀಣ ರಸ್ತೆಯ ಸಾಮರ್ಥ್ಯವೆಂದು ಅದೇ 1990ರ ಕೈಪಿಡಿ ಸಮತಟ್ಟು ಪ್ರದೇಶಕ್ಕೆ ಹೇಳುವುದು ದಿನಕ್ಕೆ ಸುಮಾರು 2000. ದ್ವಿಪಥದ ರಸ್ತೆಗೆ 15,000. ಅಂದರೆ ಊರಿನ ಏಕಪಥದ ರಸ್ತೆಯ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಸರಕು ನುಂಗಿತು. ಆದರೂ ಊರಿನ ವಾಹನಗಳು ದಿನಕ್ಕೆ 800ರ ಒಳಗಿದ್ದರೆ 'ರಸ್ತೆ ಸಾಮರ್ಥ್ಯದೊಳಗಿದೆ' ಎಂದು ವರದಿ ಬರೆಯಬಹುದು, ಅದರಲ್ಲಿ ಸುಳ್ಳೂ ಇರುವುದಿಲ್ಲ.

ಇನ್ನು ರಸ್ತೆಯ ಆಯುಷ್ಯದ ಮಾತು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಪ್ರಸಿದ್ಧ ಪ್ರಯೋಗದಿಂದ ತಿಳಿದುಬಂದ ಸಂಗತಿಯೆಂದರೆ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಇಮ್ಮಡಿಯಲ್ಲ, ಸುಮಾರು 16 ಪಟ್ಟು. ನಮ್ಮಲ್ಲಿ 8.16 ಟನ್ನಿನ ಅಚ್ಚನ್ನು ಪ್ರಮಾಣವೆಂದು ಹಿಡಿಯುತ್ತಾರೆ. ಲಾರಿಯ ನಾಲ್ಕು ಚಕ್ರದ ಒಂಟಿ ಅಚ್ಚಿಗೆ ಹಿಂದೆ ಇದ್ದ ಮಿತಿ 10.2 ಟನ್; 2018ರಲ್ಲಿ ಕೇಂದ್ರ ಸರಕಾರ ಅದನ್ನು 11.5ಕ್ಕೆ ಏರಿಸಿತು. ಏರಿಕೆ ಸುಮಾರು ಶೇಕಡ 13. ರಸ್ತೆಗೆ ಆಗುವ ಹಾನಿಯ ಏರಿಕೆ ಸುಮಾರು ಶೇಕಡ 60. ಕಾನೂನಿನ ಮಿತಿಯೊಳಗೇ ತುಂಬಿದ ಅಂಥ ಒಂದು ಅಚ್ಚು ಸುಮಾರು 4 ಪ್ರಮಾಣ ಅಚ್ಚುಗಳಿಗೆ ಸಮ. ಕಡಿಮೆ ಸಂಚಾರದ ಗ್ರಾಮೀಣ ರಸ್ತೆಗಳ ಬಗ್ಗೆ 2007ರಲ್ಲಿ ಬಂದ ಮಾರ್ಗಸೂಚಿಯ ಕೆಳಗಿನ ವರ್ಗಗಳಲ್ಲಿ 10 ವರ್ಷದ ಆಯುಷ್ಯಕ್ಕೆ 30 ಸಾವಿರದಿಂದ 60 ಸಾವಿರ ಪ್ರಮಾಣ ಅಚ್ಚುಗಳಷ್ಟೇ ಲೆಕ್ಕ. ದಿನಕ್ಕೆ 200 ಲೋಡು ಎಂದರೆ 800 ಅಚ್ಚು. 10 ವರ್ಷಕ್ಕೆಂದು ಕಟ್ಟಿದ ರಸ್ತೆ 75 ದಿನಗಳಲ್ಲಿ ತನ್ನ ಆಯುಷ್ಯವನ್ನು ಮುಗಿಸುತ್ತದೆ. ಮಳೆಗಾಲದಲ್ಲಿ ಅಷ್ಟೂ ಬೇಕಾಗದು.

ಹಾಳಾದ ರಸ್ತೆಯನ್ನು ಮತ್ತೆ ಕಟ್ಟಬಹುದು. ಹೋದ ಜೀವ ಹಾಗಲ್ಲ. 2024ರ ಮಾರ್ಚ್‌ನಲ್ಲಿ ವಿಳಿಂಜಂ ಸಮೀಪದ ಮುಕ್ಕೋಲದಲ್ಲಿ ಬಂದರಿಗೆ ಕಲ್ಲು ಒಯ್ಯುತ್ತಿದ್ದ ಟಿಪ್ಪರಿನಿಂದ ಬಂಡೆಯೊಂದು ಉರುಳಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ದಂತವೈದ್ಯಕೀಯ ವಿದ್ಯಾರ್ಥಿಯೊಬ್ಬ ಮೃತಪಟ್ಟ. ಕೋಷ್ಟಕದ ಭಾಷೆಯಲ್ಲಿ ಆತನ ವಾಹನದ ಬೆಲೆ ಅರ್ಧ. ಇಂಥ ದುರಂತಗಳ ನಂತರ ಶಾಲಾ ವೇಳೆಯಲ್ಲಿ ಟಿಪ್ಪರ್ ಓಡಬಾರದೆಂಬ ಬೇಡಿಕೆ ಏಳುತ್ತದೆ, ನಿರ್ಬಂಧಗಳೂ ಬರುತ್ತವೆ. ಅವು ಬೇಕು. ಆದರೆ ಮೇಲಿನ ಲೆಕ್ಕವನ್ನೇ ಮುಂದುವರಿಸಿ ನೋಡಿ: 400 ಓಡಾಟಗಳನ್ನು 10 ಗಂಟೆಗೆ ಹಂಚಿದರೆ 90 ಸೆಕೆಂಡಿಗೊಂದು ಲಾರಿ. ಬೆಳಿಗ್ಗೆ ಸಂಜೆ ಒಟ್ಟು 4 ಗಂಟೆ ನಿಷೇಧಿಸಿ ಲೋಡಿನ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಉಳಿದ ಹೊತ್ತಿನಲ್ಲಿ 54 ಸೆಕೆಂಡಿಗೊಂದು. ಲೋಡಿಗೆ ಇಷ್ಟೆಂದು ಕೂಲಿ ಪಡೆಯುವ ಚಾಲಕ ಕಳೆದ ಹೊತ್ತನ್ನು ವೇಗದಿಂದ ತುಂಬಿಕೊಳ್ಳುತ್ತಾನೆ. ಮಗುವನ್ನು ರಕ್ಷಿಸಿದ ನಿಯಮ ಮಧ್ಯಾಹ್ನ ಆಸ್ಪತ್ರೆಗೆ ಹೊರಟ ಮುದುಕಿಯನ್ನು ಮರೆಯುತ್ತದೆ. ಲೋಡಿನ ದಿನದ ಮಿತಿಯನ್ನು ಮೊದಲೇ ನಿಗದಿಪಡಿಸುವುದೊಂದೇ ನಿಜವಾದ ಪರಿಹಾರ. ಅದು ಸಾಧ್ಯವಾಗುವುದು ಮೌಲ್ಯಮಾಪನದ ಹಂತದಲ್ಲಿ ಮಾತ್ರ.

ವಿಳಿಂಜಂ ಕಟ್ಟುವ ಕಾಲದ ಪಾಠವನ್ನು ಹೇಳಿದರೆ, ಕೊಚ್ಚಿಯ ವಲ್ಲಾರ್‌ಪಾಡಂ ನಡೆಸುವ ಕಾಲದ ಪಾಠವನ್ನು ಹೇಳುತ್ತದೆ. 2011ರ ಫೆಬ್ರವರಿ 11ರಂದು ಅಲ್ಲಿನ ಕಂಟೇನರ್ ಟರ್ಮಿನಲ್ ಉದ್ಘಾಟನೆಯಾಯಿತು. ಅದಕ್ಕಾಗಿ ಕಳಮಶ್ಶೇರಿಯಿಂದ ದ್ವೀಪಗಳ ಮೇಲೆ ಹಾದು ಬರುವ 17 ಕಿಲೋಮೀಟರಿನ ಹೆದ್ದಾರಿಯನ್ನೇ ನಿರ್ಮಿಸಲಾಯಿತು. ಆ ದಾರಿ ಮತ್ತು ರೈಲು ಮಾರ್ಗಕ್ಕಾಗಿ 316 ಕುಟುಂಬಗಳು ಮನೆ ಕಳೆದುಕೊಂಡವು. 2008ರ ಫೆಬ್ರವರಿ 6ರ ಮೂಲಂಪಿಳ್ಳಿಯ ಬಲವಂತದ ತೆರವು, ಅನಂತರ ಮಾರ್ಚ್‌ನಲ್ಲಿ ಸರಕಾರ ಘೋಷಿಸಿದ ಪುನರ್ವಸತಿ, ಅದು ಈಡೇರಲು ವರ್ಷಗಟ್ಟಲೆ ನಡೆದ ಹೋರಾಟ ಇಲ್ಲಿನವರಿಗೆಲ್ಲ ತಿಳಿದದ್ದೇ. ರಸ್ತೆಯ ದೃಷ್ಟಿಯಿಂದ ನಾನು ಹೇಳಬೇಕಾದುದು ಇನ್ನೊಂದಿದೆ. ಗಣತಿಯವನು ಚಲಿಸುವ ಲಾರಿಯನ್ನು ಎಣಿಸುತ್ತಾನೆ. ನಿಂತ ಲಾರಿಯನ್ನು ಎಣಿಸುವುದಿಲ್ಲ. ಟರ್ಮಿನಲ್ ತೆರೆದ ಮೇಲಿನ ವರ್ಷಗಳಲ್ಲಿ ತಂಗಲು ತಕ್ಕಷ್ಟು ಜಾಗವಿಲ್ಲದ ಕಂಟೇನರ್ ಲಾರಿಗಳು ಆ ಹೆದ್ದಾರಿಯ ಬದಿಯಲ್ಲೇ ಸಾಲುಗಟ್ಟಿದವು. ಸಾಲಿನ ಮರೆಯಿಂದ ರಸ್ತೆ ದಾಟುವ ದ್ವೀಪವಾಸಿಗೆ ಬರುವ ವಾಹನ ಕಾಣದು, ಬರುವವನಿಗೆ ಈತ ಕಾಣನು. ತಲೆಮಾರುಗಳಿಂದ ದೋಣಿಯನ್ನೇ ನಂಬಿದ್ದ, 2004ರಲ್ಲಿ ಗೋಶ್ರೀ ಸೇತುವೆಗಳು ತೆರೆದ ಮೇಲಷ್ಟೇ ನಗರಕ್ಕೆ ರಸ್ತೆಯ ಸಂಪರ್ಕ ಪಡೆದ ಜನ, ತಮ್ಮ ಊರಿನೊಳಗೇ ರಸ್ತೆ ದಾಟಲು ಹೆದರಬೇಕಾಯಿತು.

ಇವೆರಡೂ ಬಂದರುಗಳು. ನಮ್ಮ ಯುವಕರು ದಿನವೂ ಹೋಗುವ ಕಾಕ್ಕನಾಡಿನ ಕಥೆ ಬೇರೆ ಬಗೆಯದು. 2004ರಲ್ಲಿ ಇನ್ಫೋಪಾರ್ಕ್ ಆರಂಭವಾದಾಗ ತೃಕ್ಕಾಕ್ಕರ ಪಂಚಾಯತಿಯಾಗಿತ್ತು, 2010ರಲ್ಲಿ ನಗರಸಭೆಯಾಯಿತು. 2001ರ ಜನಗಣತಿಯಲ್ಲಿ ಶೇಕಡ 26ರಷ್ಟಿದ್ದ ಕೇರಳದ ನಗರವಾಸಿಗಳು 2011ಕ್ಕೆ ಶೇಕಡ 47.7 ಆದರು. ಜನರೆಲ್ಲ ಗಂಟುಮೂಟೆ ಕಟ್ಟಿ ನಗರಕ್ಕೆ ಬಂದುದರಿಂದ ಹೀಗಾದದ್ದಲ್ಲ. ಬಹುಮಟ್ಟಿಗೆ ಹಳ್ಳಿಗಳೇ ನಿಂತಲ್ಲಿ ಪಟ್ಟಣಗಳೆನಿಸಿಕೊಂಡವು. ಹೆಸರು ಬದಲಾಯಿತು, ರಸ್ತೆಯ ಅಗಲ ಬದಲಾಗಲಿಲ್ಲ. ಇಲ್ಲಿ ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯು 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು; ಆದರೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. ಬಂದರಿಗೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಸಾವಿರಾರು ಜನ ಕೆಲಸ ಮಾಡುವ ಗಾಜಿನ ಕಟ್ಟಡಕ್ಕಾಗಲಿ, ನಾವು ಸಾಲ ಮಾಡಿ ಕೊಳ್ಳುವ ವಸತಿ ಸಮುಚ್ಚಯಕ್ಕಾಗಲಿ ಪಕ್ಕದ ಓಣಿಯವರನ್ನು ಕೇಳುವ ಅಗತ್ಯ ಬೀಳುವುದಿಲ್ಲ.

ಇದು ಕೇರಳದ ದೋಷವೆಂದು ಬೆರಳು ತೋರಿಸುವ ಅಧಿಕಾರ ಕನ್ನಡಿಗರಿಗಿಲ್ಲ. ಹೊಸ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಗಳ ಹಳ್ಳಿ ರಸ್ತೆಗಳಲ್ಲಿ ಅದಿರು ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ನಾವು ಕಂಡಿದ್ದೇವೆ. 2010ರ ಜುಲೈಯಲ್ಲಿ ಕರ್ನಾಟಕ ಸರಕಾರ ಅದಿರು ರಫ್ತನ್ನು ತಡೆಯಬೇಕಾಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಮಿತಿಮೀರಿದ ಭಾರದ ಸಾಗಣೆಯನ್ನೂ ಬಯಲಿಗೆಳೆಯಿತು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಎದ್ದ ಎಲೆಕ್ಟ್ರಾನಿಕ್ಸ್ ಸಿಟಿಗೆ ಮೇಲ್ಸೇತುವೆ ಬಂದದ್ದು 2010ರಲ್ಲಿ, ಅಂದರೆ ಯೋಜನೆ ಹುಟ್ಟಿ ಮೂರು ದಶಕಗಳ ಮೇಲೆ. ಮೊದಲು ಯೋಜನೆ, ಆಮೇಲೆ ದಾರಿ, ಕೊನೆಗೆ ದಾರಿಯಲ್ಲಿದ್ದ ಮನುಷ್ಯ ಎಂಬ ಕ್ರಮ ಎರಡೂ ರಾಜ್ಯಗಳಲ್ಲಿ ಒಂದೇ.

ಹಾಗಾದರೆ ಅಭಿವೃದ್ಧಿಯೇ ಬೇಡವೆ? ಆ ಮಾತನ್ನು ನಾನಾಡಲಾರೆ. ಊಟದ ತಟ್ಟೆಯನ್ನು ಯೋಜನೆಗಳಿಂದ ತುಂಬಿಕೊಂಡ ನಾವು ಹಾಗೆ ಹೇಳುವುದು ಕಪಟವಾದೀತು. ವಿಳಿಂಜಂನ ಸಹಜವಾದ ಆಳ, ಸಮುದ್ರಮಾರ್ಗದ ಸಾಮೀಪ್ಯ ದೇಶದ ಸಂಪತ್ತು. ಅದನ್ನು ಬಳಸಿಕೊಳ್ಳುವುದು ಸರಿಯೇ. 2023ರ ಏಪ್ರಿಲ್‌ನಲ್ಲಿ ವೈಟ್ಟಿಲದಿಂದ ಕಾಕ್ಕನಾಡಿಗೆ ಜಲಮೆಟ್ರೋ ದೋಣಿಗಳು ಓಡತೊಡಗಿದಾಗ, ರಸ್ತೆಯ ಭಾರವನ್ನು ನೀರಿಗೂ ಹಂಚಬಹುದೆಂದು ಅದೇ ಕೊಚ್ಚಿ ತೋರಿಸಿಕೊಟ್ಟಿತು. ನಾನು ಕೇಳುವುದು ಲೆಕ್ಕ ಪೂರ್ತಿಯಾಗಿರಲಿ ಎಂದಷ್ಟೇ. ಕಟ್ಟುವ ಕಾಲದ ಲಾರಿಗಳನ್ನು, ಕ್ವಾರಿಯ ಬಾಯಿಂದ ಯೋಜನೆಯ ಬಾಗಿಲಿನವರೆಗೆ, ಎಲ್ಲ ಮೂಲಗಳಿಂದಲೂ ಸೇರಿಸಿ ಎಣಿಸಲಿ. ನಿಲ್ಲುವ ಲಾರಿಗೆ ನೆಲ ಎಲ್ಲಿದೆ ಎಂದು ತೋರಿಸಲಿ. ನಡೆಯುವವರನ್ನು, ಮುಖ್ಯವಾಗಿ ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ, ತಲೆ ಎಣಿಸಿ ಬರೆಯಲಿ. ಪಂಚಾಯತಿಯ ರಸ್ತೆ ಸವೆಯುವುದಕ್ಕೆ ತಗಲುವ ವೆಚ್ಚವನ್ನು ಯೋಜನೆ ಮುಂಗಡವಾಗಿ ಠೇವಣಿ ಇಡಲಿ. ಯೋಜನೆ ತೆರೆದು ಒಂದು ವರ್ಷವಾದ ಮೇಲೆ ಮತ್ತೆ ಎಣಿಸಿ, ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಜನರ ಮುಂದಿಡಲಿ.

ಇಲ್ಲಿ ಭಾಷೆಯ ಪ್ರಶ್ನೆಯೂ ಬರುತ್ತದೆ. ಅದೇ 2006ರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು. ಸಭೆಯ ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ವಿವರಿಸಬೇಕು. ಮಂಜೇಶ್ವರ, ಕಾಸರಗೋಡಿನ ಕನ್ನಡಿಗರ ಮಟ್ಟಿಗೆ 'ಸ್ಥಳೀಯ ಭಾಷೆ' ಎಂಬ ಆ ಪದ ಅತ್ಯಮೂಲ್ಯ. ತಮ್ಮ ಓಣಿಯ ಲೆಕ್ಕವನ್ನು ತಮ್ಮ ನುಡಿಯಲ್ಲಿ ಕೇಳುವ ಹಕ್ಕನ್ನು ಅವರು ಆ ಪದದ ಬಲದಿಂದ ಒತ್ತಾಯಿಸಬಹುದು. ಕೊಚ್ಚಿ, ತಿರುವನಂತಪುರಗಳಲ್ಲಿರುವ ನಮ್ಮ ಕರ್ತವ್ಯ ಇದಕ್ಕೆ ತುಸು ಭಿನ್ನ. ಇಲ್ಲಿ ಮಲಯಾಳಂ ಓದಬಲ್ಲ, ಇಂಗ್ಲಿಷ್ ವರದಿಯನ್ನು ಬಿಡಿಸಬಲ್ಲ ಜನ ನಮ್ಮ ಸಂಘದಲ್ಲೇ ಇದ್ದಾರೆ. ನಮ್ಮ ಬಡಾವಣೆಯ ಪಕ್ಕದಲ್ಲಿ ಯೋಜನೆಯೊಂದು ಬಂದಾಗ ಅದರ ಸಂಚಾರದ ಅಧ್ಯಾಯವನ್ನು ಓದಿ, ನೆರೆಯ ಮಲಯಾಳಿ ಕುಟುಂಬಗಳೊಡನೆ ಕುಳಿತು ಚರ್ಚಿಸುವುದು ನಮ್ಮಿಂದ ಆಗದ ಕೆಲಸವಲ್ಲ. ಆ ನೆಲವನ್ನು ರಸ್ತೆಗೆ ಬಿಟ್ಟುಕೊಟ್ಟವರು ಅವರು. ಅದರ ಮೇಲೆ ಕಾರು ಓಡಿಸುವವರು ನಾವು. ಹೊರನಾಡಿನಲ್ಲಿ ಬದುಕುವವನ ಸಂಸ್ಕೃತಿ ರಾಜ್ಯೋತ್ಸವದ ಧ್ವಜಾರೋಹಣದಲ್ಲಷ್ಟೇ ಇರುವುದಿಲ್ಲ. ತಾನು ಸೇರಿಕೊಂಡ ಊರಿನ ಕಷ್ಟದ ಲೆಕ್ಕಕ್ಕೆ ತನ್ನನ್ನೂ ಸೇರಿಸಿಕೊಳ್ಳುವುದರಲ್ಲಿಯೂ ಇರುತ್ತದೆ.

ಕಡೆಯದಾಗಿ ಸಂಘದ ಕಾರ್ಯಸಮಿತಿಗೆ ಒಂದು ಸೂಚನೆ. ನಮ್ಮ ಹೈಸ್ಕೂಲು, ಕಾಲೇಜು ಮಕ್ಕಳಿಗೆ ಬೇಸಿಗೆ ಶಿಬಿರವನ್ನು ನಡೆಸುವಾಗ ಒಂದು ವಾರ ಈ ಕೆಲಸಕ್ಕೆ ಮೀಸಲಿಡಿ. ಸದಸ್ಯರ ಮನೆಗಳಿರುವ ಯಾವುದಾದರೂ ಒಂದು ಪಂಚಾಯತಿ ರಸ್ತೆಯ ಕವಲಿನಲ್ಲಿ, ಸುರಕ್ಷಿತವಾದ ಒಂದು ಜಗಲಿಯ ಮೇಲೆ, ದೊಡ್ಡವರೊಬ್ಬರ ಜೊತೆಯಲ್ಲಿ ಸರದಿಯಂತೆ ಕುಳಿತು ಅವರು ಬರೆದುಕೊಳ್ಳಲಿ. ಲಾರಿ, ಬಸ್ಸು, ಕಾರು, ಸ್ಕೂಟರುಗಳಿಗೆ ಒಂದೊಂದು ಅಂಕಣ ಇರಲಿ. ಅವುಗಳ ಜೊತೆಗೆ, ಮುದ್ರಿತ ನಮೂನೆಯಲ್ಲಿ ಇಲ್ಲದ ಇನ್ನೊಂದು ಅಂಕಣವನ್ನು ಕೈಯಿಂದಲೇ ಗೆರೆ ಎಳೆದು ಸೇರಿಸಲಿ: ನಡೆದು ಹೋದವರು. ಆ ಪುಸ್ತಕವನ್ನು ಪಂಚಾಯತಿಗೆ ಒಪ್ಪಿಸುವ ಹೊಣೆಯನ್ನು ನಾನು ಹೊರುತ್ತೇನೆ.